ಹಾಜರಿ: ಐದು

ಕ್ಯಾಂಪಿನೊಳಗ ಸೆಗುಲಾ ಆಂಟಿಯ ಹೊಲಿಗಿ ಅಂಗಡಿ ಮ್ಯಾಲ
ಮೊದಲನೇ ಸಭೆ.
ಹತ್ತು ಕುರ್ಚಿ ಬಾಡಿಗಿ ತಂದಿದ್ಲು ಮಿಲ್ಕಾ.
ಐದು, ಮಡಚಿದ್ದು ಮಡಚಿದ್ಹಾಂಗ, ಗ್ವಾಡಿಗೆ ಒರಗಿದ್ವು
ಮಾತು ಬಿಟ್ಟ ಬೀಗರ ಹಾಂಗ.

ಮಿಲ್ಕಾ. ನಾನು. ಪೇಝಾರಕರ ಮನಿ ಅಕ್ಕ-ತಮ್ಮ, ನವೋಮಿ ಮತ್ತ ಬೆಂಝಿ.
ಆರು ವರ್ಷದ ಹನೋಕ್; ಅಂವ ಬಂದದ್ದು ಕುಂದಾಕ್ಕ.

ಶನಿವಾರ ಮುಗೀಬೇಕು, ಆಮ್ಯಾಲೆ ಪೆನ್ನು ಮುಟ್ಟಬೇಕು.
ಮುಗಿಯೂದಂದ್ರ ಮೂರು ಚುಕ್ಕಿ ಕಾಣಬೇಕು.
ಆಷಾಢದ ಬೆಳಗಾವಿ. ಮುಗಲಿಗೆ ಹಸಿ ಗೋಣಿಚೀಲ ಹೊದಿಸಿದ್ಹಾಂಗ ಮಾಡ.
ಕಿಡಕಿ ಗಾಜಿಗೆ ಮೂಗು ಹಚ್ಚಿ ಹನೋಕ್ ಎಣಿಸಿದ:
ಸೈಕಲ್ ದೀಪ ಒಂದು,
ಪಾವ್‌ಭಾಜಿ ಗಾಡಿಯ ಬಲ್ಬು ಎರಡು,
ಟವರಿನ ತುದಿಯ ಕೆಂಪು ಮೂರು.
"ಆತು, ಶುರು ಮಾಡ್ರಿ."
ಯಾರೂ ತಕರಾರ ತಗೀಲಿಲ್ಲ.

ಲವಂಗ ಮೂಸಿದ್ವಿ. ತಿಕೋಟಾದ ಒಣದ್ರಾಕ್ಷಿ ನೆನೆಸಿದ ಶರಬತ್ತು,
ಒಂದು ಲೋಟ, ಐದು ತುಟಿ.
ಅಜ್ಜನ ಕಾಲಕ್ಕ ಇಲ್ಲಿ ಹತ್ತು ಗಂಡಸರು ಸಹಜ ಕೂಡತಿದ್ರಂತ.
ಈಗ ಎಣಿಸಾಕ ಕೂತ್ರ
ಪುಣೆ, ಠಾಣೆ, ಅಶ್ದೋದ್ ಅಂತ
ಬಸ್‌ಸ್ಟ್ಯಾಂಡಿನ ಬೋರ್ಡ ಓದಿದ್ಹಾಂಗ ಆಗತೈತಿ.

ಕೆಳಗ ಆಂಟಿಯ ಮಶೀನೂ ಶುರುವಾಗಿತ್ತು.
"ಹತ್ತು ಮಂದಿ ಇಲ್ದ ಏನ ಮಾಡ್ತೀರಿ? ಲಗ್ನ ಕೂಡಿಸೂ ಗುಂಪೇನ ಇದು?"
ನವೋಮಿ ನಕ್ಕಳು.
ನಾ ನಗಲಿಲ್ಲ.

ನಡಾವಳಿ ಯಾವ ಭಾಷಾದಾಗ ಬರೀಬೇಕು?
ಮನಿಯೊಳಗ ಮರಾಠಿ, ಸಾಲ್ಯಾಗ ಕನ್ನಡ,
ದೇವರ ಕೂಡ ಮತ್ತೊಂದು: ಬಾಯಿಪಾಠ ಬರತೈತಿ, ಅರ್ಥ ಬರೂದಿಲ್ಲ.
ಈ ಊರಾಗ ಇದೇ ಪ್ರಶ್ನೆಗೆ ಬಸ್ಸಿನ ಗಾಜು ಒಡದಾವ.
ನಾವು ಅರ್ಧಾ ತಾಸಿನ್ಯಾಗ ಮುಗಿಸಿದ್ವಿ:
ಯಾರ ಕೈಯಾಗ ಪೆನ್ನೋ ಅವರ ಭಾಷಾ.
ಪೆನ್ನು ನನ್ನ ಕೈಯಾಗ ಇತ್ತು. ಅದಕ್ಕ ಇದು ಹಿಂಗ ಐತಿ.

ವಂತಿಗಿ ಹದಿನೆಂಟು ರೂಪಾಯಿ.
'ಹೈ' ಅನ್ನೂ ಶಬ್ದದ ಎರಡು ಅಕ್ಷರ ನಮ್ಮ ಎಣಿಕ್ಯಾಗ ಕೂಡಿಸಿದ್ರ ಹದಿನೆಂಟು.
ಹೈ ಅಂದ್ರ ಜೀವಂತ.
"ಹಿಂದ್ಯಾಗೂ ಹೈ ಅಂದ್ರ 'ಐತಿ' ಅಂತಲ್ಲಾ" ಅಂದ ಬೆಂಝಿ.
ಅದನ್ನೂ ಬರಕೊಂಡೆ.

ಬೋರ್ಡ ಬೇಕು ಅಂದ್ಲು ಮಿಲ್ಕಾ.
ನಾ ಉದ್ಯಮಬಾಗದ ಫೌಂಡ್ರ್ಯಾಗ ಅಚ್ಚು ಕಟ್ಟಾಂವ.
ಸೋಮವಾರ ಪಾಳಿ ಮುಗದ ಮ್ಯಾಲ ಉಳಿದ ಕರೀ ಉಸುಕಿನ್ಯಾಗ
ಆ ಎರಡು ಅಕ್ಷರ ಗೀರಿದೆ,
ಬಲದಿಂದ ಎಡಕ್ಕ, ಅಜ್ಜ ಕಲಿಸಿದ್ಹಾಂಗ.
ಸತ್ಯೆಪ್ಪ ಮೇಸ್ತ್ರಿ ತುಟಿಯಿಂದ ಬೀಡಿ ತಗದು ಬಗ್ಗಿ ನೋಡಿದ.
"ಯಾವ ಅಕ್ಷರನೋ ನನಗ ತಿಳಿಯೂದಿಲ್ಲ ತಮ್ಮಾ.
ಆದ್ರ ಉಸುಕಿನ್ಯಾಗ ಉಲ್ಟಾ ಬರೀಬೇಕು.
ಸುಲ್ಟಾ ಬರದ್ರ ಎರಕ ಉಲ್ಟಾ ಬೀಳತೈತಿ."

ಅಳಿಸಿದೆ. ಕನ್ನಡಿಯೊಳಗಿನ ಹಾಂಗ ಬರದೆ,
ಎಡದಿಂದ ಬಲಕ್ಕ.
ಅಜ್ಜನ ಅಕ್ಷರ ಮೊದಲನೇ ಸಲ ನನ್ನ ಬೆರಳಾಗ
ಒಂದನೇತ್ತಾದಾಗ ಅಕ್ಕೋರು ಕೈ ಹಿಡದು ತಿದ್ದಿಸಿದ
ಅ ಆ ಇ ಈ ದಿಕ್ಕಿಗೆ ಹೊಂಟಿತ್ತು.
ಮೇಸ್ತ್ರಿ ಮುಂದ ಅದನ್ನ ಹೇಳಾಕ ಹೋದೆ.
ಅಂವ ಬೀಡಿ ಹುಡಕಾಕತ್ತಿದ್ದ.

ಕಬ್ಬಿಣ ಸುರುವಿದ್ವಿ.
ಎರಡನೇ ಅಕ್ಷರ ಭಾಳ ಸಣ್ಣದು, ಅಲ್ಪವಿರಾಮದಷ್ಟು.
ಅದರ ಬಾಜೂಕ ಗಾಳಿ ಸಿಕ್ಕು ಒಂದು ತೂತು.
"ರಿಜೆಕ್ಟ್" ಅಂದ ಸತ್ಯೆಪ್ಪ.
ನಾ ಊಟದ ಚೀಲದಾಗ ಇಟಗೊಂಡೆ.

"ಮೊಳಿಗಂತ ತೂತು ನೀನೇ ಮಾಡಿಯೇನ?" ಅಂತ ಕೇಳಿದ ಹನೋಕ್.
ಹೌದು ಅಂದೆ.

ಆ ಉಸುಕು ಮರುದಿನ ಜರಡಿಗೆ ಬಿದ್ದಿತ್ತು,
ಅಕ್ಷರದ ಗುರ್ತು ಹೊತ್ತಕೊಂಡೇ.
ಸೋಸಿ, ನೀರು ಚಿಮುಕಿಸಿ, ಮತ್ತ ಅಚ್ಚು:
ಪಂಪಿನ ಬಾಡಿ ಹದಿನಾಲ್ಕು.
ಬುಧವಾರ ಅಥಣಿ ಕಡೆ ಲೋಡ್ ಹೋತು.

ಎರಡನೇ ಸಭೆ. ಹಾಜರಿ: ಐದು.
ಈ ಸಲಾನೂ ಹತ್ತ ಕುರ್ಚಿ ತಂದಾಳ ಮಿಲ್ಕಾ.
ಬಾಡಿಗಿ, ಖರ್ಚಿನ ಕಾಲಮಿನ್ಯಾಗ ಬರದೆ.