ಅರ್ಕಾವತ್ತು

ಕುರ್ಲಾ ಎಂದು ಬರೆದಿದ್ದೆ. ಪರದೆಯ ಮೇಲೆ
ಕುಲಾ ಎಂದು ಬಂತು.
ಹದಿನಾರು ವರ್ಷ ಇದೇ ಸ್ಟೇಷನ್ನಿನಲ್ಲಿ ಇಳಿದವಳು,
ಒಂದು ಅಕ್ಷರ ನನಗಿಂತ ಮೊದಲೇ ಇಳಿದುಹೋದದ್ದು
ಗಮನಿಸಲೇ ಇಲ್ಲ.

ಫೋರ್ಟಿನ ಒಂದು ಓಣಿ, ಸ್ಟವ್ ರಿಪೇರಿಯವನ ನೆತ್ತಿಯ ಮೇಲೆ
ಏಣಿ ಹತ್ತಿ, ತಲೆ ತಗ್ಗಿಸಿಯೇ ಕೂರಬೇಕಾದ ಅಟ್ಟ:
ವಾಮನ ಕರ್ಕೇರರ ಟೈಪಿಂಗು.
ಮದುವೆಯ ಕಾಗದ, ಸಂಘದ ಸ್ಮರಣ ಸಂಚಿಕೆ, ಉತ್ತರಕ್ರಿಯೆಯ ಕಾರ್ಡು,
ನಡುವೆ ಪುರುಸೊತ್ತಾದರೆ ನನ್ನ ನಾಲ್ಕು ಸಾಲು.
ಎರಡೇ ಬೆರಳು, ಕೋಳಿ ಕಾಳು ಹೆಕ್ಕಿದ ಹಾಗೆ.
ಗದ್ಯ ಪುಟಕ್ಕೆ ಹನ್ನೆರಡು ರೂಪಾಯಿ, ಪದ್ಯಕ್ಕೆ ಎಂಟು.
“ಅರ್ಧ ಕಾಗದ ಖಾಲಿಯೇ ಬಿಡ್ತೀರಲ್ಲ, ಮಾರಾಯ್ತಿ.”

ಅವರೇ ಹೇಳಿದ್ದು:
ಈ ಅರ್ಕಾವತ್ತು ಉಂಟಲ್ಲ,
ಬಾಯಿಗೆ ಮೊದಲು ಹತ್ತುತ್ತದೆ, ಕಾಗದದಲ್ಲಿ ಜಾಗ ಸಿಗುವುದು ಕೊನೆಗೆ.
ವಿರಾರ್ ಗಾಡಿಯ ಹುಡುಗನ ಹಾಗೆ ಬಾಗಿಲಲ್ಲೇ ಜೋತಿರುತ್ತದೆ.
ಯಾರಾದರೂ ನೂಕಿದರೆ
ಮೊದಲು ಬೀಳುವುದು ಅದೇ.

ಅದೆಲ್ಲವನ್ನೂ ಈಗ ಜಾಲಕ್ಕೆ ಏರಿಸುತ್ತಿದ್ದೇನೆ.
ನನ್ನ ಹೆಸರಿನದೇ ಒಂದು ಜಾಗ, ವರ್ಷಕ್ಕೆ ಒಂಬೈನೂರು.
ಈ ಊರಲ್ಲಿ ಇಷ್ಟು ಅಗ್ಗದ ಖೋಲಿ ಇನ್ನೊಂದಿಲ್ಲ:
ಪಗಡಿ ಇಲ್ಲ, ದಲಾಲಿ ಇಲ್ಲ,
ನೀರು ಬಿಡುವ ಹೊತ್ತಿಗೆ ಎದ್ದು ಕೊಡ ಹಿಡಿಯಬೇಕಾಗಿಲ್ಲ.
ಬಂದುಹೋದವರು ಹನ್ನೊಂದು ಎಂದು ಮೂಲೆಯಲ್ಲಿ ಲೆಕ್ಕ,
ಅದರಲ್ಲಿ ಏಳು ಯಂತ್ರಗಳಂತೆ. ಇರಲಿ,
ಅವಾದರೂ ಪೂರ್ತಿ ಓದಿ ಎದ್ದಿವೆ.

ಕರ್ಕೇರರ ಫಾಂಟು ಹೊಸ ಯಂತ್ರಕ್ಕೆ ತಿಳಿಯದು.
ನಡುವೆ ಒಬ್ಬ ದುಭಾಷಿ ಬೇಕು.
ಬಿಟ್ಟಿ ಸಿಕ್ಕ. ಎಲ್ಲ ಸರಿ,
ಅರ್ಕಾವತ್ತು ಕಂಡರೆ ಮಾತ್ರ ನುಂಗುತ್ತಾನೆ.

ಲಾಲ್‌ಬಾಗಿನ ಗಣಪತಿಯ ಮೂರ್ತಿ
ಹನ್ನೆರಡು ಅಡಿಯ ಮೂತಿಯಾಗಿದೆ.
ಮಳೆಗಾಲದಲ್ಲಿ ಒಂದು ಸರ್ತಿ ಎಂದಿದ್ದದ್ದು
ಮಳೆಗಾಲದಲ್ಲಿ ಒಂದು ಸತಿ.
ರಥದ ಗಾಲಿ ಎತ್ತಲು ಇಳಿದ ಕರ್ಣ ಬರೀ ಕಣ,
ತಾನು ಹೋರಾಡಿದ ನೆಲವೇ ಆಗಿ ಬಿದ್ದಿದ್ದಾನೆ.
ಅರ್ಥ ಹೋಗಿ ಅಥ ಉಳಿದಿದೆ.
ಅದೊಂದನ್ನು ತಡೆದುಕೊಳ್ಳಬಹುದು,
ಏನೋ ಶುರುವಾದ ಹಾಗಾದರೂ ಇದೆ.

ಮಸ್ಜಿದ್ ಬಂದರಿನಲ್ಲಿ ದಿನವಿಡೀ ಪಿಸ್ತಾ ಬಾದಾಮಿಯ ಲೆಕ್ಕ ಬರೆದು
ಆರೂ ನಲವತ್ತರ ಗಾಡಿಯಲ್ಲಿ ಮೊಬೈಲು ತೆರೆಯುತ್ತೇನೆ.
ಒಂದೊಂದನ್ನೇ ಹುಡುಕಿ, ಒಂದೊಂದನ್ನೇ ಕೂರಿಸುವುದು.
ಭಾಯಖಳಾ ದಾಟುವಾಗ ನಾಲ್ಕು. ಪರೇಲಿಗೆ ಒಂಬತ್ತು.
ಪಕ್ಕದಲ್ಲಿ ಮೆಂತ್ಯ ಸೋಸುತ್ತಿದ್ದ ಹೆಂಗಸು
ಹೆಗಲ ಮೇಲಿಂದ ಬಗ್ಗಿ ನೋಡಿ ಮರಾಠಿಯಲ್ಲಿ ಕೇಳಿದಳು:
“ಇಷ್ಟೊಂದು ಒಂಬತ್ತು ಯಾಕಮ್ಮ? ಹಿಶೋಬಾ?”
ಹೌದು, ಹಿಶೋಬು, ಎಂದೆ.
ಕಡ್ಡಿ ನನ್ನ ಮಡಿಲಿಗೆ ಬೀಳದಂತೆ
ಅವಳು ಚೀಲ ಆಚೆ ಸರಿಸಿಕೊಂಡಳು.

ಕೃತಜ್ಞತೆಯ ಪುಟಕ್ಕೆ ಬಂದದ್ದು ಮೊನ್ನೆ.
ಟೈಪಿಂಗ್: ವಾಮನ ಕಕೇರ.
ನಾಚಿಕೆಯಾಗಿ ಫೋನು ಮಾಡಿದೆ.
ವಸಾಯಿಯಲ್ಲಿದ್ದಾರೆ, ಎಡಗಣ್ಣಿಗೆ ಪೊರೆ, ದನಿ ಹಾಗೇ ಇದೆ.
ಎಷ್ಟು ತಪ್ಪು, ಕೇಳಿದರು.
ಎರಡು ಸಾವಿರದ ಮುನ್ನೂರ ಚಿಲ್ಲರೆ.
ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
“ಅದಕ್ಕೆ ಬೇರೆಯೇ ಕೀ ಇತ್ತು ಮಾರಾಯ್ತಿ.
ಪ್ರತಿಯೊಂದನ್ನೂ ಒತ್ತಿ ಕೊಟ್ಟಿದ್ದೆ.
ನೀವು ಎಲ್ಲಿ ಚೆಲ್ಲಿದ್ದು?”

ಚೆಲ್ಲಿದ್ದು ನಾನಲ್ಲ ಎನ್ನಲು ಹೋದೆ.
ಯಾರು ಎಂದರೆ ಯಾರನ್ನು ತೋರಿಸಲಿ?
ಅವರ ಹೆಸರಿಗೆ ಅವರದನ್ನು ಕೂರಿಸಿ
ಎರಡು ಸಲ ಓದಿ ನೋಡಿದೆ.

ಇವತ್ತು ಶೀವ ದಾಟಿದೆ.
ಹೆಂಗಸರೆಲ್ಲ ಚೀಲ ಎದೆಗವಚಿ ಬಾಗಿಲ ಕಡೆ ಸರಿಯುತ್ತಿದ್ದಾರೆ.
ಮೇಲಿನ ಧ್ವನಿವರ್ಧಕ ಮೂರು ಭಾಷೆಯಲ್ಲಿ
ಮುಂದಿನ ನಿಲ್ದಾಣ ಹೇಳುತ್ತಿದೆ,
ಮೂರರಲ್ಲೂ ಆ ರೇಫ ನೆಟ್ಟಗೆ, ಗಟ್ಟಿಯಾಗಿ.
ಮೂತಿ ಇನ್ನೂ ತಿದ್ದಿಲ್ಲ.
ಬೆರಳು ಅದರ ಮೇಲಿದೆ, ಹಿಂದಿನವಳ ಮೊಣಕೈ ಬೆನ್ನಿಗಿದೆ,
ಇಳಿಯಬೇಕು.