ಪೆಟ್ಟಿಗೆ

ನಾರಳಿ ಹುಣ್ಣಿಮೆ ಕಳೆದು ಕಡಲು ಬಾಗಿಲು ತೆರೆದಿತ್ತು.
ಬೈತಖೋಲದ ಆಚೆ ಮುಂಬಯಿಯ ಆಗಬೋಟು
ಹೊಗೆ ಕಾರುತ್ತ ನಿಂತಿತ್ತು. ಮಚವೆಯಲ್ಲಿ ಸರಕು ಬಂತು:
ಸೀಮೆಎಣ್ಣೆ ಡಬ್ಬ, ಖರ್ಜೂರದ ಬುಟ್ಟಿ, ಮಿಶನ್ನಿನವರ ಹಾರ್ಮೋನಿಯಂ,
ಮತ್ತೆ ಒಂದು ತಗಡಿನ ಪೆಟ್ಟಿಗೆ, ನಾಲ್ಕೂ ಮೂಲೆಗೆ ಅರಗಿನ ಮುದ್ರೆ.

ಹೊತ್ತು ತಂದವನು ಬಸ್ತ್ಯಾಂವ ಸಿದ್ದಿ.
ಯಲ್ಲಾಪುರದ ಕಾಡಿನಿಂದ ಸಾಗವಾನಿ ದಿಮ್ಮಿಗಳ ಜೊತೆ
ಕಾಳಿ ಹೊಳೆಯಲ್ಲಿ ಇಳಿದು ಬಂದವ, ಇಲ್ಲೇ ನಿಂತ.
ಮೊಣಕಾಲು ಮಟ್ಟದ ನೀರಲ್ಲಿ ನಡೆದರೂ
ತಲೆಯ ಮೇಲಿನದು ಅಲುಗುತ್ತಿರಲಿಲ್ಲ.

"ಏನಿದೆ ಪಾತ್ರಾಂವ, ಇಷ್ಟು ಭಾರ?"
"ಗಾಜು," ಎಂದೆ. "ಮೆಲ್ಲಗೆ ಇಳಿಸು."

ಗಾಜಲ್ಲ. ನನಗೆ ಗೊತ್ತಿತ್ತು.
ಸಾಹೇಬರು ಓದಿ ಬಿಸಾಕಿದ ಪತ್ರಿಕೆಯಲ್ಲಿ
ಬೆಲ್ಲ ಕಟ್ಟಿಕೊಂಡು ಹೋಗಿದ್ದೆ; ಮನೆಯಲ್ಲಿ ಬಿಚ್ಚಿ ಓದಿದ್ದೆ,
ಅಂಟಿದ ಅಕ್ಷರಗಳನ್ನು ಉಗುರಿನಿಂದ ಬಿಡಿಸಿ:
ಅಮೆರಿಕೆಯ ಬೆಂಗಾಡಿನಲ್ಲಿ, ಹಗ್ಗ ಬಿಗಿದ ಚೌಕದಲ್ಲಿ,
ಕರಿಯನೊಬ್ಬ ಬಿಳಿಯನನ್ನು ಕೆಡವಿದನಂತೆ, ಹದಿನೈದನೇ ಸುತ್ತಿಗೆ.
ಗೆದ್ದ ರಾತ್ರಿಯೇ ಊರೂರಲ್ಲಿ ಕರಿಯರನ್ನು ಅಟ್ಟಿ ಹೊಡೆದರಂತೆ.
ಕ್ಲಬ್ಬಿನಲ್ಲಿ ನಮ್ಮ ಸಾಹೇಬರೂ ಹತ್ತು ರೂಪಾಯಿ ಸೋತಿದ್ದರು;
ಆ ವಾರವಿಡೀ ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿದರು.

ಆ ಕಾಳಗವೇ, ಕುಣಿಯುವ ಚಿತ್ರವಾಗಿ, ಪೆಟ್ಟಿಗೆಯಲ್ಲಿತ್ತು.
ಬಯಾಸ್ಕೋಪಿನ ಫರೇದೂನ್ ಶೇಟ ಆಗಲೇ ಮೈದಾನದಲ್ಲಿ ಡೇರೆ ಹೊಡೆಸಿದ್ದ.
ಪೆಟ್ಟಿಗೆಗಿಂತ ಮೊದಲೇ ತಂತಿ ಬಂದಿತ್ತು:
ತೋರಿಸಕೂಡದು. ಅದೇ ಆಗಬೋಟಿಗೆ ವಾಪಸು.

ತೂಕ ಹಾಕಿದೆ, ನಿಯಮ. ಒಂದು ಮಣ, ಆರು ಸೇರು.
ಆಮೇಲೆ, ದೇವರಾಣೆ ಯಾಕೋ ಗೊತ್ತಿಲ್ಲ,
"ನೀನೂ ಹತ್ತು," ಎಂದೆ.
ಗೆದ್ದವನ ತೂಕವನ್ನೂ ಪತ್ರಿಕೆಯಲ್ಲಿ ಕೊಟ್ಟಿದ್ದರು.
ಬಸ್ತ್ಯಾಂವ ತಕ್ಕಡಿಯ ಹಲಗೆ ನೋಡಿದ, ನನ್ನ ನೋಡಿದ, ನಕ್ಕ.
"ನಮ್ಮ ಅಜ್ಜನ ಅಜ್ಜನನ್ನೂ ಗೋವೆಯಲ್ಲಿ ಹೀಗೇ ಹತ್ತಿಸಿದ್ದರಂತೆ.
ನನ್ನನ್ನು ಎಷ್ಟಕ್ಕೆ ಕೂಗುತ್ತೀರಿ?"
ಹತ್ತಿದ. ಎರಡೂವರೆ ಮಣಕ್ಕೆ ಮೂರೇ ಸೇರು ಕಡಿಮೆ.
ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ, ಹೆಸರಿಲ್ಲದೆ.

ಮತ್ತೆ ಹೊತ್ತ. ಸಿಂಬಿಯ ಮೇಲೆ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಪೆಟ್ಟಿಗೆ ಪೆಟ್ಟು.
ಕತ್ತಲಲ್ಲಿ ಸುರುಳಿ ಸುತ್ತಿಕೊಂಡ ಕರಿಯ ಮುಷ್ಟಿಯೊಂದು
ಕರಿಯ ತಲೆಯ ಮೇಲೆ ಕುಳಿತು ಹೋಯಿತು ಕಡಲಿಗೆ.
ಹೇಳಬಹುದಿತ್ತು. ಧಕ್ಕೆಯಿಂದ ಮಚವೆಗೆ ನೂರು ಹೆಜ್ಜೆ.
ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು.

ತಿರುಗಿ ಬಂದ. ತಲೆ ಖಾಲಿ, ಕುತ್ತಿಗೆ ಮಾತ್ರ ಹೊತ್ತ ಹಾಗೇ.
ಸಿಂಬಿ ಬಿಚ್ಚಿ, ಉಪ್ಪುನೀರು ಹಿಂಡಿ, ಬಲಗೈಗೆ ಸುತ್ತಿಕೊಳ್ಳುತ್ತಿದ್ದ,
ಬೆರಳು ಕಾಣದ ಹಾಗೆ, ಒಂದು ಸುತ್ತು, ಮತ್ತೊಂದು ಸುತ್ತು.
"ಹದಿನೈದು ಅಲ್ಲವೇ, ಪಾತ್ರಾಂವ?" ಎಂದ.

ನಾನು ಮಾತಾಡಲಿಲ್ಲ.

"ಬೋಟಿನ ಕೆಳಗೆ ಕಲ್ಲಿದ್ದಲು ಒಟ್ಟುತ್ತಾರಲ್ಲ, ಆ ಖಲಾಸಿಗಳು ಹೇಳಿದರು,
ಮಳೆಗಾಲ ಕಳೆದ ಮೊದಲ ಬೋಟಿನಲ್ಲೇ.
ಆ ರಾತ್ರಿ ಡಮಾಮಿ ಬಾರಿಸಿದೆವು.
ನಿದ್ದೆ ಕೆಟ್ಟಿತೆಂದು ಮರುದಿನ ಬೈದದ್ದು ನೀವೇ ಅಲ್ಲವೇ?"

ಕೂಲಿ ಎರಡಾಣೆ. ಮುಟ್ಟದ ಹಾಗೆ ಮೇಲಿನಿಂದ ಬಿಡುವುದು ನನ್ನ ರೂಢಿ.
ಬಿಟ್ಟೆ. ಬಟ್ಟೆ ಸುತ್ತಿದ ಮುಷ್ಟಿ ಬಿಚ್ಚಲಿಲ್ಲ.
ನಾಣ್ಯ ಅದರ ಬೆನ್ನಿಗೆ ತಾಗಿ, ಪುಟಿದು, ಮರಳಿಗೆ ಬಿತ್ತು.
ಅವನು ಬಗ್ಗಲಿಲ್ಲ.

ಸರ್ಕಾರಿ ದುಡ್ಡು. ನಾನೇ ಮೊಣಕಾಲೂರಿದೆ,
ಏಡಿ ತೋಡಿದ ತೂತುಗಳಲ್ಲಿ ಬೆರಳಾಡಿಸಿದೆ.
ಬೆನ್ನ ಹಿಂದೆ ಹರಿಕಂತ್ರರ ಹುಡುಗರು ಅಕ್ಕಿಮೂಟೆ ಏರಿಸುತ್ತ
ಎಣಿಸುತ್ತಿದ್ದರು, ರಾಗವಾಗಿ,
ಲಾಭ... ಎರಡು... ಮೂರು...
ಎಂಟರ ತನಕ ಕೇಳಿದ್ದು ನೆನಪಿದೆ.