ಎಡಮಗ್ಗಲಿನ ಸ್ಪ್ರಿಂಗು

“ಹಿಂದ ಯಾರ ಕೂಡ್ತಾರ್ರಿ, ಅಕ್ಕೋರ?”
ಗಾಡಿ ಮುಟ್ಟೂದಕಿಂತ ಮೊದಲ ಕೇಳಿದ ದಾವಲಸಾಬ.
ಬಂಕಾಪುರ ಚೌಕದ ಹಿಂದಿನ ಓಣಿ, ಮಧ್ಯಾಹ್ನ ಮೂರು,
ಪತ್ರಾಸಿನ ನೆರಳೂ ಕಾದಿತ್ತು.
ಯಾರೂ ಇಲ್ಲ, ಅಂದೆ.
ಒಂದು ಛತ್ರಿ. ಒಂಬತ್ತನೇ ಬ ವರ್ಗದ ಪೇಪರಿನ ಕಟ್ಟು.
ತಿಂಗಳಿಗೊಮ್ಮೆ ಅಕ್ಕಿ ಚೀಲ.

“ಮತ್ತ ಬಿರುಸು ಯಾಕ ಬೇಕು?”

ಮೂವತ್ತೊಂದು ವರ್ಷ ಬೀಜಗಣಿತ ಹೇಳಿದ ಬಾಯಿಗೆ
ಇದು ಸರಳ ಬರಲಿಲ್ಲ:
ರವಿವಾರ ಬೆಳಿಗ್ಗೆ ಆರಕ್ಕ, ನುಗ್ಗಿಕೇರಿ ತಿರುವಿನ್ಯಾಗ,
ಮುಳ್ಳು ಐವತ್ತೈದು ದಾಟಿತು ಅಂದ್ರ
ಈ ಝೆನ್ನಿನ ಹಿಂಭಾಗ
ನೀರು ಕಂಡ ಎಮ್ಮಿ ಹಂಗ ತನ್ನ ದಾರಿ ತಾ ಹಿಡಿತೈತಿ.
ನಿಧಾನ ಹೋಗ್ರಿ ಅಂತಾರ ಎಲ್ಲಾರೂ.
ನಂಗ ನಿಧಾನ ಹೋಗೂದ ಬ್ಯಾಡ.

ಅಂವ ನಗಲಿಲ್ಲ. ಅದಕ್ಕ ಕೀಲಿ ಕೊಟ್ಟೆ.

ಗ್ವಾಡಿ ಮೊಳಿಗೆ ಜೋಡಿ ಜೋಡಿ ತೂಗಿದ್ವು.
ಕಂಪನಿದು, ಕರೀದು.
ಪುಣೆದಿಂದ ಬಂದ ಕೆಂಪು, ಒಂದೂವರಿ ಇಂಚು ಗಿಡ್ಡ,
ಕಾಲೇಜು ಹುಡುಗರು ಸೀಟಿ ಹೊಡಿಯುವಂಥಾದ್ದು.
ನನ್ನ ಕೈ ಕೆಂಪಿಗೇ ಹೋತು.

“ಅದನ್ನ ಹಾಕಿದ್ರ ವಿದ್ಯಾನಗರದ ಹಂಪು ಹಂಪಿಗೂ
ಹೊಟ್ಟಿ ಉಜ್ಜಿಸಿಕೊಂತ ಹೋಗ್ತೀರಿ.
ಖಾಲಿ ಗಾಡಿಗೆ ಬಿರುಸು ಸ್ಪ್ರಿಂಗ್ ಅಂದ್ರ
ಗಾಲಿ ನೆಲಾ ಹಿಡಿಯೂದಿಲ್ಲ, ಪುಟೀತೈತಿ.
ಪುಟಿದ ಗಾಲಿ ಯಾರ ಮಾತೂ ಕೇಳೂದಿಲ್ಲ.
ಸ್ಪ್ರಿಂಗು ಒಗಿಯಾಂವ, ಶಾಕಪ್ಸರ್ ಹಿಡಿಯಾಂವ.
ನಿಮ್ಮ ಗಾಡಿಯಾಗ ಹಿಡಿಯಾಂವ ಎಣ್ಣಿ ಕಾರಿಕೊಂಡು
ಎಂದೋ ಸತ್ತಾನ.
ಕರೀ ಸ್ಪ್ರಿಂಗ್ ಸಾಕು. ರೊಕ್ಕಾ ಶಾಕಪ್ಸರಿಗೆ ಹಾಕ್ರಿ.”

ಯಲ್ಲೇಶ ಜ್ಯಾಕ್ ಏರಿಸಿದ, ಕಟ್ಟಿಗಿ ದಿಮ್ಮಿ ಕೊಟ್ಟ,
ಕೆಳಗಿನ ಬೋಲ್ಟಿಗೆ ಡಿಸೆಲ್ ಕುಡಿಸಿ, ಬೈದು, ಬಿಚ್ಚಿದ.
ಆಕ್ಸಲ್ಲು ಜೋತು ಬಿತ್ತು.
ಹಳೇ ಸ್ಪ್ರಿಂಗು ಎರಡೂ ಫರಸಿ ಮ್ಯಾಲೆ ನಿಂತ್ವು.
ಎಡಮಗ್ಗಲಿಂದು ಗಿಡ್ಡ.
ಚೀಲದಾಗಿನ ಪಟ್ಟಿ ತಗದು ಅಳದೆ: ಹದಿನಾಲ್ಕು ಮಿಲಿಮೀಟರ್.

ಹಂಗಾರ ಯಾರೋ ಕೂಡ್ತಿದ್ರು,
ವರ್ಷಾನುಗಟ್ಟಲೆ, ಅದ ಮೂಲಿಯಾಗ.
ಭಾರದ ಹೆಣ್ಮಗಳೊಬ್ಬಾಕಿ, ಕಿಡಕಿಗೆ ಹಣಿ ಹಚ್ಚಿ;
ಮುಂದಿನ ಸೀಟು ಖಾಲಿ ಇದ್ರೂ ಹಿಂದ;
ಮಾತಾಡದ ಗಂಡ, ಸ್ಟೇರಿಂಗಿನ ಮ್ಯಾಲೆ ಅವನ ಬೆರಳು,
ಮುಗದಿರದ ಒಂದು ಜಗಳ,
ಧಾರವಾಡದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಧಾರವಾಡ,
ಉಕ್ಕು ಸುದ್ದಾ ತಗ್ಗುವಷ್ಟು

“ಗ್ಯಾಸಿನ ಟಾಕಿರಿ,” ಅಂದ ದಾವಲಸಾಬ, ಕೈ ಒರಸಿಕೊಂತ.
“ಮೊದಲಿನ ಮಾಲಕ ಡಿಕ್ಕಿಯಾಗ ಎಡಕ್ಕ ಕೂಡ್ರಿಸಿದ್ದ.
ನಾನ ಬಿಚ್ಚಿ ಕೊಟ್ಟಿದ್ದೆ.”

ಆ ಹೆಣ್ಮಗಳು ಇಳದು ಹೋದಳು.
ಬಾಗಲಾ ಸೈತ ಹಾಕಲಿಲ್ಲ.

ಹೊಸಾದು ಕೂತ್ವು. ಸುರುಳಿ ತುದಿ ತನ್ನ ಗುಂಡಿಯಾಗ,
ಮ್ಯಾಲೊಂದು ರಬ್ಬರು.
ಯಲ್ಲೇಶ ಪಾನಾ ಹಚ್ಚಿ ಬಿಗಿ ಮಾಡಾಕ ಹೊಂಟಿದ್ದ.
“ಏ, ತೂಗಾಡೂ ಮುಂದ ಬಿಗಿ ಮಾಡಬ್ಯಾಡಲೇ!
ನೆಲಕ್ಕ ಇಳೀಲಿ. ತನ್ನ ಭಾರ ತಾ ಹೊರಲಿ.
ಆಮ್ಯಾಲೆ ಬಿಗಿ ಮಾಡು. ಇಲ್ಲಂದ್ರ ಬುಷ್ ತಿರಿಚಿಕೊಂಡ ಇರ್ತಾವ,
ವರ್ಷದಾಗ ಹರೀತಾವ.”

ಆಮ್ಯಾಲೆ ನನ್ನ ಕಡೆ ತಿರುಗಿ:
“ಅಕ್ಕೋರ, ಸ್ವಲ್ಪ ಹಿಂದ ಕೂಡ್ರಿ.”
ಯಾವ ಕಡೆ?
“ನಡುವ.”

ಒಂಬತ್ತು ವರ್ಷಾತು ಗಾಡಿ ತಗೊಂಡು,
ನನ್ನ ಗಾಡಿಯ ಹಿಂದ ನಾ ಎಂದೂ ಕೂತಿರಲಿಲ್ಲ.
ಇಲ್ಲಿಂದ ಕನ್ನಡಿಯಾಗ ಬರೇ ಛತ್ತು ಕಾಣತೈತಿ.
ಸೀಟಿನ ಸಂದಿಯಾಗ ಒಂದು ಚಾಕ್‌ಪೀಸು, ನಂದ.
ಕೆಳಗ ಪಾನಾ ಕಟ್ ಕಟ್ ಅಂತಿತ್ತು,
ನಾ ಅಲಗಾಡದ ಕೂತಿದ್ದೆ, ತೂಕದ ಕಲ್ಲಿನ ಹಂಗ,
ಐವತ್ತೆಂಟು ಕಿಲೋ, ಒಂದ ಸರ್ತಿ ಉಪಯೋಗಕ್ಕ ಬಂದು.

ಬಿಲ್ಲು ಆರು ಸಾವಿರದ ಎಂಟನೂರು. ಹಂಪಿಗೆ ಇನ್ನೂ ಧಡ್ ಅಂತೈತಿ,
ಅದು ರಸ್ತಾದ ಮಾತು ಅಂದ, ಒಪ್ಪಿದೆ.
ಗಿಡ್ಡ ಸ್ಪ್ರಿಂಗು ಬೇಡಿ ತಂದೆ. ಮೇಜಿನ ಮ್ಯಾಲೆ ಐತಿ,
ಪೇಪರು ಹಾರದಂಗ.

ರವಿವಾರ, ನುಗ್ಗಿಕೇರಿ.
ಅರವತ್ತೆರಡು.
ಹಿಂಭಾಗ ನನ್ನ ಸಂಗತೀನ ತಿರುಗಿತು.
ಛತ್ರಿ ಮಾತ್ರ ಬಲಕ್ಕ ಉರುಳಿತು.